ಕೋಲಾರ ಜಿಲ್ಲೆಯ ರೈಲು, ಬಸ್ಸು, ಬೆಳೆ ಸಾಗಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಮಾಲೂರು, ಬಂಗಾರಪೇಟೆ, ಕೆಜಿಎಫ್, ಮುಳಬಾಗಿಲು, ಶ್ರೀನಿವಾಸಪುರ. ಈ ಆರು ತಾಲ್ಲೂಕುಗಳಲ್ಲಿ ಟೊಮೆಟೊ, ಮಾವು, ರೇಷ್ಮೆ, ಹಾಲು ಇವೇ ಮನೆ ನಡೆಸುವುದು. ಬೆಳೆಯುವುದಕ್ಕೆ ಪಡುವ ಕಷ್ಟದಷ್ಟೇ ಅದನ್ನು ಊರಿಂದ ಆಚೆ ಸಾಗಿಸುವುದಕ್ಕೂ ಪಡಬೇಕು. ರೈಲು, ಬಸ್ಸು, ಗೂಡ್ಸ್ ಗಾಡಿ ವಿಚಾರವಾಗಿ ರೈತರು, ಓದುವ ಮಕ್ಕಳು, ದಿನಾ ಬೆಂಗಳೂರಿಗೆ ಓಡಾಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಉತ್ತರದ ಜೊತೆಗೆ ನನ್ನ ಅಭಿಪ್ರಾಯವೂ ಅಲ್ಲಲ್ಲಿ ಇದೆ.

ಕೋಲಾರದಿಂದ ಬೆಂಗಳೂರಿಗೆ ರೈಲು ಇದೆಯಲ್ಲ, ಆದರೂ ಎಲ್ಲರೂ ಬಸ್ಸನ್ನೇ ಯಾಕೆ ಹತ್ತುತ್ತಾರೆ?

ರೈಲು ಇದೆ, ದಾರಿ ಸುತ್ತು. ರಸ್ತೆಯಲ್ಲಿ ಕೋಲಾರದಿಂದ ಬೆಂಗಳೂರು 70 ಕಿ.ಮೀ. ಒಳಗೇ ಇದೆ. ಕೋಲಾರ ಸ್ಟೇಷನ್ನಿಂದ ಹೊರಟ ರೈಲು ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ದೇವನಹಳ್ಳಿ, ಯಲಹಂಕ ಎಲ್ಲ ನೋಡಿಕೊಂಡು ಬೆಂಗಳೂರು ಸೇರುತ್ತದೆ. ದೂರ ಹೆಚ್ಚು ಕಡಿಮೆ ಎರಡು ಪಟ್ಟು. ಶ್ರೀನಿವಾಸಪುರದವರು ಚಿಕ್ಕಬಳ್ಳಾಪುರಕ್ಕೋ ವಿಮಾನ ನಿಲ್ದಾಣದ ಕಡೆಗೋ ಹೋಗುವುದಿದ್ದರೆ ಈ ರೈಲು ಚೆನ್ನಾಗಿದೆ. ಟಿಕೆಟ್ ಅಗ್ಗ. ವಿಮಾನ ನಿಲ್ದಾಣದ ಹಾಲ್ಟ್ 2021ರ ಜನವರಿಯಲ್ಲಿ ಶುರುವಾಯಿತು. ಆದರೆ ಬೆಂಗಳೂರಿನಲ್ಲಿ ಕೆಲಸವಿರುವ ಕೋಲಾರದವರಿಗೆ ಇದು ಆಗಿಬರುವುದಿಲ್ಲ.

ರೈಲೇ ಬೇಕು ಅನ್ನುವವರು ಬಂಗಾರಪೇಟೆಗೆ ಹೋಗಿ. ಬಸ್ಸೋ ಆಟೋವೋ ಹಿಡಿದರೆ ಹದಿನೆಂಟು ಕಿ.ಮೀ. ಅಲ್ಲಿಂದ ಮಾಲೂರು, ವೈಟ್‌ಫೀಲ್ಡ್, ಕೆ.ಆರ್. ಪುರ ಮೇಲೆ ನೇರ ದಾರಿ. ಕೆಜಿಎಫ್ ಕವಲಿನ ಕೊನೆ ಸ್ಟೇಷನ್ ಮಾರಿಕುಪ್ಪಂ ಕಡೆಯಿಂದ ಬರುವ ಬೆಳಗಿನ ರೈಲುಗಳಲ್ಲಿ ಸೀಟು ಸಿಗುವುದು ಕಷ್ಟ. ಚಿನ್ನದ ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಮನೆಗಳ ಅನ್ನ ಈ ರೈಲುಗಳ ಮೇಲೆಯೇ ನಿಂತಿದೆ. ವೈಟ್‌ಫೀಲ್ಡ್‌ನಲ್ಲಿ ಇಳಿದು ಸ್ವಲ್ಪ ನಡೆದರೆ ಮೆಟ್ರೋದ ನೇರಳೆ ಮಾರ್ಗ. 2023ರ ಅಕ್ಟೋಬರ್‌ನಿಂದ ಅಲ್ಲಿಂದ ಚಲ್ಲಘಟ್ಟದವರೆಗೆ ಎಲ್ಲೂ ಇಳಿಯದೆ ಹೋಗಬಹುದು. ನಗರದ ಟ್ರಾಫಿಕ್‌ನಲ್ಲಿ ಬಸ್ಸಿನೊಳಗೆ ಕೂತು ಕಾಯುವುದು ತಪ್ಪುತ್ತದೆ.

ಹಳಿ ಹೀಗೆ ಸುತ್ತಿಕೊಂಡು ಹೋಗಿದ್ದು ಯಾಕೆ?

ಯಾರಿಗಾಗಿ ಹಾಕಿದರು ಅಂತ ನೋಡಿದರೆ ಗೊತ್ತಾಗುತ್ತದೆ. ಬೆಂಗಳೂರು–ಜೋಲಾರಪೇಟೆ ಮಾರ್ಗ 1864ರದ್ದು, ಬೆಂಗಳೂರನ್ನು ಮದ್ರಾಸಿಗೆ ಜೋಡಿಸಲು ಹಾಕಿದ್ದು. ದಾರಿಯಲ್ಲಿದ್ದ ಮಾಲೂರು, ಬಂಗಾರಪೇಟೆಗೆ ಹಳಿ ಸಿಕ್ಕಿತು, ಜಿಲ್ಲಾ ಕೇಂದ್ರ ಕೋಲಾರ ಪಕ್ಕಕ್ಕೆ ಉಳಿಯಿತು. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಅಂತ ಹೆಸರು, ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅವರ ಹೆಸರು. ಅಲ್ಲಿಂದ ಮಾರಿಕುಪ್ಪಂಗೆ 1894ರಲ್ಲಿ ಕವಲು ಹಾಕಿದ್ದು ಗಣಿಗೋಸ್ಕರ. ಯಂತ್ರ, ಕಲ್ಲಿದ್ದಲು, ಜನ ಎಲ್ಲ ಅದರ ಮೇಲೆಯೇ ಬಂದರು.

ರೈತರ ಊರುಗಳಿಗೆ ಹಳಿ ಬಂದಿದ್ದು ಆಮೇಲೆ, 1910ರ ದಶಕದಲ್ಲಿ. ಅದೂ ನ್ಯಾರೋಗೇಜ್, ಎರಡೂವರೆ ಅಡಿ ಅಗಲದ್ದು. ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಚಿಕ್ಕಬಳ್ಳಾಪುರ ಮೇಲೆ ಯಲಹಂಕಕ್ಕೆ ಹೋಗುತ್ತಿತ್ತು. ಸಂತೆ ಊರುಗಳನ್ನು ಒಂದಕ್ಕೊಂದು ಸೇರಿಸುವುದೇ ಅದರ ಕೆಲಸ, ಅದಕ್ಕೇ ಆ ಸುತ್ತು. ಬಂಗಾರಪೇಟೆ–ಕೋಲಾರ ತುಂಡು ಮೊದಲು ಬ್ರಾಡ್‌ಗೇಜ್ ಆಯಿತು. ಒಂದಷ್ಟು ಕಾಲ ಅದರ ಮೇಲೆ ಪುಟ್ಟ ರೈಲ್ ಬಸ್ ಓಡುತ್ತಿತ್ತು. ಕೋಲಾರದಿಂದ ಚಿಕ್ಕಬಳ್ಳಾಪುರದವರೆಗೆ ದೊಡ್ಡ ಹಳಿ ಬಂದಿದ್ದು 2013ರಲ್ಲಿ. ಅಗಲ ಬದಲಾಯಿತು, ದಾರಿ ಮಾತ್ರ ನೂರು ವರ್ಷದ ಹಿಂದಿನದೇ ಉಳಿಯಿತು.

ಇಷ್ಟೊಂದು ಟೊಮೆಟೊ ಬೆಳೆಯುತ್ತೇವೆ. ರೈಲಿನಲ್ಲಿ ಯಾಕೆ ಕಳಿಸುವುದಿಲ್ಲ?

ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರ ಬೇಕೆಂದರೆ ಕೋಲಾರ ಎಪಿಎಂಸಿಯಲ್ಲಿ ಒಂದು ಬೆಳಿಗ್ಗೆ ನಿಂತು ನೋಡಬೇಕು.

ಹಿಂದಿನ ದಿನ ತೋಟದಲ್ಲಿ ಕಿತ್ತ ಹಣ್ಣು 15 ಕೆಜಿ ಕ್ರೇಟುಗಳಲ್ಲಿ ಪಿಕಪ್ ಗಾಡಿ ಏರಿ ಬರುತ್ತದೆ. ಮಂಡಿ ಮುಂದೆ ಕ್ರೇಟುಗಳನ್ನು ಸಾಲಾಗಿ ಜೋಡಿಸುತ್ತಾರೆ. ಹರಾಜು ಕೂಗುವವನು ಸಾಲಿನ ಉದ್ದಕ್ಕೂ ನಡೆಯುತ್ತಾನೆ, ವ್ಯಾಪಾರಿಗಳು ಹಿಂದೆ. ಕನ್ನಡ ಎಷ್ಟು ಕೇಳುತ್ತದೋ ತೆಲುಗೂ ಅಷ್ಟೇ ಕೇಳುತ್ತದೆ. ವ್ಯಾಪಾರಿ ಮೇಲಿನ ಹಣ್ಣು ನೋಡಿ ಸುಮ್ಮನಾಗುವುದಿಲ್ಲ, ಕ್ರೇಟಿನ ತಳಕ್ಕೆ ಕೈ ಹಾಕಿ ಒಂದೆರಡು ತೆಗೆದು ಬಣ್ಣ ನೋಡುತ್ತಾನೆ, ಒತ್ತಿ ನೋಡುತ್ತಾನೆ. ದೋರೆಗಾಯಿ ಆದರೆ ದೂರದ ಊರಿಗೆ ಹೋಗುತ್ತದೆ. ಪೂರ್ತಿ ಕೆಂಪಾಗಿದ್ದರೆ ಬೆಂಗಳೂರು, ಚೆನ್ನೈ. ಅಂದರೆ ಯಾವ ಮಾಲು ಎಷ್ಟು ದೂರ ಹೋಗಬೇಕು ಅನ್ನುವುದು ಹರಾಜಿನ ಆ ಹೊತ್ತಿನಲ್ಲಿ ತೀರ್ಮಾನ ಆಗುತ್ತದೆ. ಆಮೇಲೆ ಬೇರೆ ಬೇರೆ ಮಂಡಿಗಳಿಂದ ಕೊಂಡಿದ್ದನ್ನು ಒಟ್ಟು ಮಾಡಿ, ವಿಂಗಡಿಸಿ, ಲಾರಿ ತುಂಬುತ್ತಾರೆ. ತುಂಬಿದ ತಕ್ಷಣ ಲಾರಿ ಹೊರಡುತ್ತದೆ.

ಚೆನ್ನೈ ಇಲ್ಲಿಂದ 300 ಕಿ.ಮೀ.ಗೂ ಕಡಿಮೆ. ಸಂಜೆ ಬಿಟ್ಟ ಲಾರಿ ಬೆಳಗಾಗುವ ಮೊದಲೇ ಕೋಯಂಬೇಡು ಮಾರುಕಟ್ಟೆಯ ಬಾಗಿಲಲ್ಲಿ ನಿಂತಿರುತ್ತದೆ. ಅದೇ ಮಾಲನ್ನು ರೈಲಿಗೆ ಹಾಕಬೇಕೆಂದರೆ ಮಂಡಿಯಿಂದ ಸ್ಟೇಷನ್ನಿಗೆ ಒಂದು ಗಾಡಿ, ಅಲ್ಲಿ ಇಳಿಸಿ ಏರಿಸುವ ಕೂಲಿ, ಚೆನ್ನೈನಲ್ಲಿ ಮತ್ತೆ ಇಳಿಸಿ ಮತ್ತೊಂದು ಗಾಡಿ. ಪ್ರತಿ ಸಲ ಕ್ರೇಟು ಎತ್ತಿ ಹಾಕಿದಾಗಲೂ ಒಂದಷ್ಟು ಹಣ್ಣು ಜಜ್ಜುತ್ತದೆ. ಹತ್ತಿರದ ಊರಿಗೆ ಲಾರಿಯೇ ಸರಿ, ಇದರಲ್ಲಿ ವಾದ ಮಾಡುವುದಕ್ಕೆ ಏನೂ ಇಲ್ಲ.

ದೆಹಲಿ, ಕೋಲ್ಕತ್ತದಂಥ ದೂರದ ಊರುಗಳ ವಿಚಾರ ಬೇರೆ. ಅಷ್ಟು ದೂರಕ್ಕೆ ರೈಲು ಸಮಯವನ್ನೂ ಉಳಿಸಬಲ್ಲದು, ಬಾಡಿಗೆಯನ್ನೂ ಉಳಿಸಬಲ್ಲದು. ತೊಡಕು ಇರುವುದು ಲೆಕ್ಕದಲ್ಲಿ. ಒಂದು ಪಾರ್ಸೆಲ್ ವ್ಯಾನಿನಲ್ಲಿ, ಅಂದರೆ ರೈಲಿನ ಒಂದು ಸರಕು ಬೋಗಿಯಲ್ಲಿ, ಸುಮಾರು 23 ಟನ್ ಹಿಡಿಯುತ್ತದೆ. 15 ಕೆಜಿ ಲೆಕ್ಕದಲ್ಲಿ 1,500 ಬಾಕ್ಸ್. ಇಂಥ 20 ವ್ಯಾನಿನ ರೈಲು ತುಂಬಬೇಕಾದರೆ 30,000 ಬಾಕ್ಸ್ ಒಂದೇ ದಿನ, ಒಂದೇ ಊರಿಗೆ, ಒಂದೇ ಹೊತ್ತಿಗೆ ಸಿದ್ಧವಾಗಬೇಕು. ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ಸೀಸನ್‌ನಲ್ಲಿ ಕೋಲಾರಕ್ಕೆ ಅಷ್ಟು ಮಾಲು ಬರುತ್ತದೆ. ಆದರೆ ಅದು ನೂರಾರು ವ್ಯಾಪಾರಿಗಳ ಕೈಯಲ್ಲಿ, ಹತ್ತಾರು ಊರುಗಳ ಹೆಸರಲ್ಲಿ ಹಂಚಿಹೋಗಿರುತ್ತದೆ. ಅದನ್ನು ಒಟ್ಟು ಮಾಡುವ ಒಂದು ಕೈ ಇಲ್ಲಿಲ್ಲ. ರೈತ ಉತ್ಪಾದಕ ಕಂಪನಿಗಳು ಮಾಡಬೇಕಾದ ಕೆಲಸ ಇದೇ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಹೊಸ ಹಳಿ ಕೇಳುವ ಮುಂಚೆ ಇರುವ ಹಳಿಯ ಪಕ್ಕ ಒಂದು ನೆರಳು, ತೂಕದ ಯಂತ್ರ, ಲಾರಿ ತಿರುಗುವಷ್ಟು ಜಾಗ ಕೇಳಬೇಕು.

ಕಿಸಾನ್ ರೈಲು ಬಂದಿತ್ತಲ್ಲ, ಅದು ಏನಾಯಿತು?

ದೇಶದ ಮೊದಲ ಕಿಸಾನ್ ರೈಲು 2020ರ ಆಗಸ್ಟ್ 7ರಂದು ಮಹಾರಾಷ್ಟ್ರದ ದೇವಲಾಲಿಯಿಂದ ಬಿಹಾರದ ದಾನಾಪುರಕ್ಕೆ ಹೊರಟಿತು. ಹಣ್ಣು, ತರಕಾರಿ ಬಾಡಿಗೆಗೆ ಅರ್ಧದಷ್ಟು ಸಬ್ಸಿಡಿ ಇತ್ತು. ನಮ್ಮ ಕಡೆ 2021ರ ಮಾವಿನ ಸೀಸನ್‌ನಲ್ಲಿ ಶ್ರೀನಿವಾಸಪುರದ ಹತ್ತಿರದ ದೊಡ್ಡನತ್ತ ಸ್ಟೇಷನ್ನಿಂದ ದೆಹಲಿಗೆ ಮಾವು ಹೋಯಿತು. ಕೊರೊನಾ ಕಾಲ, ಲಾರಿ ಸಿಗದೆ ಎಲ್ಲರೂ ಕಂಗಾಲಾಗಿದ್ದ ಹೊತ್ತು. ಅಂಥ ಚಿಕ್ಕ ಸ್ಟೇಷನ್ನಿಗೆ ಪಾರ್ಸೆಲ್ ರೈಲು ಬಂದು ನಿಂತಿದ್ದು ಸಣ್ಣ ವಿಷಯ ಅಲ್ಲ. ನಮ್ಮ ಹಳಿಯಲ್ಲಿ ಇದು ಆಗುತ್ತದೆ ಅಂತ ಅದು ತೋರಿಸಿಕೊಟ್ಟಿತು. ಇಂಥ ರೈಲು ನಿಲ್ಲದೆ ನಡೆಯಬೇಕಾದರೆ ಅರ್ಧ ಬಾಡಿಗೆಯ ನೆರವು ಬೇಕು, ಪ್ರತಿ ವಾರ ರೈಲು ತುಂಬುವಷ್ಟು ಮಾಲನ್ನು ಮೊದಲೇ ಗೊತ್ತು ಮಾಡುವವರೂ ಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ನಡೆಯುವುದಿಲ್ಲ.

ಪ್ಯಾಸೆಂಜರ್ ರೈಲಿನಲ್ಲಿ ಎರಡು ಕ್ರೇಟು ತರಕಾರಿ ಒಯ್ಯಬಹುದಾ?

ಜನರಲ್ ಟಿಕೆಟ್ಟಿಗೆ 35 ಕೆಜಿ ಲಗೇಜು ಉಚಿತ. ನೆಂಟರ ಮನೆಗೆ ಮಾವು, ಹುಣಸೆಹಣ್ಣು, ರಾಗಿ ಹಿಟ್ಟು ಒಯ್ಯುವುದಾದರೆ ಯಾರೂ ಕೇಳುವುದಿಲ್ಲ. ಮಾರುವುದಕ್ಕೆ ಒಯ್ಯುವುದಾದರೆ ನಿಯಮದ ಪ್ರಕಾರ ಅದು ವ್ಯಾಪಾರದ ಸರಕು. ಅದನ್ನು ಪಾರ್ಸೆಲ್ ಆಫೀಸಿನಲ್ಲಿ ತೂಗಿಸಿ, ಬುಕ್ ಮಾಡಿ, ಬ್ರೇಕ್ ವ್ಯಾನಿಗೆ (ರೈಲಿನಲ್ಲಿ ಸರಕು ಇಡುವ ಡಬ್ಬಿಗೆ) ಹಾಕಿಸಬೇಕು. ಬುಕ್ ಮಾಡದೆ ಮಿತಿ ಮೀರಿ ಒಯ್ದು ಸಿಕ್ಕಿಬಿದ್ದರೆ ಲಗೇಜು ದರದ ಆರು ಪಟ್ಟು ಕಟ್ಟಬೇಕಾಗುತ್ತದೆ. ಒಂದು ದಿನದ ಲಾಭವೆಲ್ಲ ಅಲ್ಲಿಗೇ ಹೋಯಿತು.

ಮೆಮು, ಅಂದರೆ ಕರೆಂಟಿನಲ್ಲಿ ಓಡುವ ಲೋಕಲ್ ರೈಲುಗಳನ್ನು ಜನರಿಗಾಗಿಯೇ ಮಾಡಿದ್ದು. ಬೆಳಗಿನ ನೂಕುನುಗ್ಗಲಿನಲ್ಲಿ ಬಾಗಿಲ ಬಳಿ ಕ್ರೇಟು ಇಟ್ಟರೆ ಜಗಳ ಗ್ಯಾರಂಟಿ. ಹೂವು, ಸೊಪ್ಪು ಮಾರಲು ಬೆಂಗಳೂರಿಗೆ ಹೋಗುವ ಹೆಂಗಸರಿಗೆ ಒಂದು ಬೋಗಿಯ ಅರ್ಧ ಭಾಗ ಬಿಟ್ಟುಕೊಟ್ಟರೂ ಎಷ್ಟೋ ಅನುಕೂಲ. ಮುಂಬೈ ಲೋಕಲ್ ರೈಲುಗಳಲ್ಲಿ ಮಾರುವವರ ಡಬ್ಬಿ ಎಷ್ಟೋ ಕಾಲದಿಂದ ಇದೆ. ನಮ್ಮ ಮಾರಿಕುಪ್ಪಂ ರೈಲಿಗೂ ಅದನ್ನು ಕೇಳುವುದು ನ್ಯಾಯವಾಗಿದೆ.

ಟೊಮೆಟೊ ಗಾಡಿಯಲ್ಲಿ ನಾನೂ ಕೂತು ಹೋಗಬಹುದಾ? ಕೂಲಿಯವರನ್ನು ಹಿಂದೆ ಕೂರಿಸಬಹುದಾ?

ದಯವಿಟ್ಟು ಇದನ್ನು ಪೂರ್ತಿ ಓದಿ.

ಮಾಲಿನ ಯಜಮಾನ, ಅಥವಾ ಅವನ ಪರವಾಗಿ ಮಾಲಿನ ಜೊತೆ ಹೋಗುವವನು ಗೂಡ್ಸ್ ಗಾಡಿಯಲ್ಲಿ ಪ್ರಯಾಣ ಮಾಡುವಾಗ ಅಪಘಾತವಾದರೆ ಮೋಟಾರು ವಾಹನ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ವಿಮೆ ಅವನಿಗೆ ಅನ್ವಯಿಸುತ್ತದೆ. ಅದಕ್ಕೆ ಡ್ರೈವರ್ ಪಕ್ಕದ ಕ್ಯಾಬಿನ್‌ನಲ್ಲಿ ಕೂರಬೇಕು, ಕ್ರೇಟುಗಳ ಮೇಲಲ್ಲ. ಮಾಲು ನಿಮ್ಮದು ಅನ್ನುವುದಕ್ಕೆ ಮಂಡಿಯ ಚೀಟಿ ಜೇಬಿನಲ್ಲಿರಲಿ.

ಕೂಲಿಯವರ ವಿಚಾರ ಹಾಗಲ್ಲ. ಟೊಮೆಟೊ ಕೀಳುವುದಕ್ಕೆ ಪಕ್ಕದ ಊರಿನಿಂದ ಹತ್ತು ಹದಿನೈದು ಹೆಂಗಸರನ್ನು ಪಿಕಪ್ಪಿನ ಹಿಂದೆ ನಿಲ್ಲಿಸಿಕೊಂಡು ಬರುವುದು, ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ತುಂಬಿಕೊಂಡು ಹೋಗುವುದು ನಮ್ಮಲ್ಲಿ ದಿನದ ಮಾತು. ಗೂಡ್ಸ್ ಗಾಡಿಯಲ್ಲಿ ಹೀಗೆ ಹೋಗುವವರಿಗೆ ಸಾಮಾನ್ಯ ವಿಮೆ ಅನ್ವಯಿಸುವುದಿಲ್ಲ. ಗಾಡಿ ಮಗುಚಿದರೆ ಪರಿಹಾರ ಗಾಡಿ ಮಾಲೀಕನ ಮೇಲೆ ಬೀಳುತ್ತದೆ, ಕೊಡಲಾಗದವನಾದರೆ ಆ ಮನೆಯವರು ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕು. ದಿನಗೂಲಿಗೆ ಹೋದ ಹೆಂಗಸಿನ ಕಾಲು ಮುರಿದರೆ ಆ ಮನೆಯ ಒಲೆ ಉರಿಯುವುದು ಹೇಗೆ? ಹತ್ತು ಜನರಿಗೆ ಒಂದು ಪ್ಯಾಸೆಂಜರ್ ಗಾಡಿಯ ಬಾಡಿಗೆ ಕೊಡುವುದು ದುಬಾರಿ ಅನಿಸಬಹುದು. ಅದೂ ಕೃಷಿಯ ಖರ್ಚೇ, ಗೊಬ್ಬರ, ಔಷಧಿಯ ಹಾಗೆ ಲೆಕ್ಕಕ್ಕೆ ಬರೆದುಕೊಳ್ಳಿ.

ಶಕ್ತಿ ಯೋಜನೆಯಲ್ಲಿ ಎಲ್ಲ ಬಸ್ಸೂ ಉಚಿತವಾ? ತಿರುಪತಿ ಬಸ್ಸಿನಲ್ಲಿ ಮುಳಬಾಗಿಲವರೆಗೆ ಹೋಗಬಹುದಾ?

2023ರ ಜೂನ್ 11ರಿಂದ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ, ರಾಜ್ಯದ ಒಳಗೆ ಉಚಿತ. ವಿಳಾಸವಿರುವ ಗುರುತಿನ ಚೀಟಿ ತೋರಿಸಬೇಕು, ಕಂಡಕ್ಟರ್ ಕೊಡುವ ಶೂನ್ಯ ಟಿಕೆಟ್ ಇಟ್ಟುಕೊಳ್ಳಬೇಕು. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಇಲ್ಲ. ಹೊರರಾಜ್ಯಕ್ಕೆ ಹೋಗುವ ಬಸ್ಸಿಗೂ ಇಲ್ಲ. ನೀವು ಇಳಿಯುವುದು ಮುಳಬಾಗಿಲಾದರೂ ತಿರುಪತಿ ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಳ್ಳಲೇಬೇಕು. ನಮ್ಮದು ಗಡಿ ಜಿಲ್ಲೆ, ಆಂಧ್ರ, ತಮಿಳುನಾಡಿನ ಬಸ್ಸುಗಳೂ ನಿಲ್ದಾಣಕ್ಕೆ ಬರುತ್ತವೆ. ಹತ್ತುವ ಮುಂಚೆ ಬೋರ್ಡು ನೋಡಿ, ಇಲ್ಲವೇ ಕಂಡಕ್ಟರನ್ನು ಕೇಳಿ. ಖಾಸಗಿ ಬಸ್ಸಿಗೆ ಈ ಯೋಜನೆ ಇಲ್ಲ.

ನಮ್ಮೂರಿಗೆ ಬೆಳಗಿನ ಬಸ್ಸು ಬೇಕು. ಯಾರನ್ನು ಕೇಳಬೇಕು?

ಡಿಪೋ ಮ್ಯಾನೇಜರ್ ಅವರನ್ನು. ಅಲ್ಲಿ ಆಗದಿದ್ದರೆ ವಿಭಾಗೀಯ ನಿಯಂತ್ರಣಾಧಿಕಾರಿಗೆ ಬರೆಯಿರಿ. ಕೋಲಾರ ಕೆಎಸ್‌ಆರ್‌ಟಿಸಿಯ ಒಂದು ವಿಭಾಗವೇ, ಬೆಂಗಳೂರಿಗೆ ಅಲೆಯುವ ಅಗತ್ಯ ಇಲ್ಲ. ಒಬ್ಬರೇ ಹೋಗಿ ಅರ್ಜಿ ಕೊಟ್ಟರೆ ಅದು ಫೈಲಿನಲ್ಲಿ ಉಳಿಯುತ್ತದೆ. ಗ್ರಾಮ ಪಂಚಾಯಿತಿಯ ನಿರ್ಣಯ, ಶಾಲೆ ಕಾಲೇಜಿಗೆ ಹೋಗುವ ಮಕ್ಕಳ ಪಟ್ಟಿ, ಯಾವ ಹೊತ್ತಿಗೆ ಎಷ್ಟು ಜನ ಎಲ್ಲಿಗೆ ಹೋಗುತ್ತಾರೆ ಅನ್ನುವ ವಿವರ ಜೊತೆಗಿಟ್ಟರೆ ತೂಕ ಬರುತ್ತದೆ. ಸುತ್ತಲಿನ ನಾಲ್ಕೈದು ಊರು ಸೇರಿ ಕೇಳಿದರೆ ಇನ್ನೂ ಒಳ್ಳೆಯದು.

ಕೇಳುವಾಗ ನೈಟ್ ಹಾಲ್ಟ್ ಬಸ್ಸನ್ನೇ ಕೇಳಿ. ರಾತ್ರಿ ಊರಿಗೆ ಬಂದು ಅಲ್ಲೇ ನಿಂತು, ಬೆಳಕು ಹರಿಯುವ ಹೊತ್ತಿಗೆ ಹೊರಡುವ ಬಸ್ಸು ಅದು. ಕಾಲೇಜಿನ ಮಕ್ಕಳು, ಆಸ್ಪತ್ರೆಗೆ ಹೋಗುವವರು, ಬಂಗಾರಪೇಟೆಯಲ್ಲಿ ರೈಲು ಹಿಡಿಯುವವರು ಎಲ್ಲರಿಗೂ ಆಗುತ್ತದೆ. ಡ್ರೈವರ್, ಕಂಡಕ್ಟರ್ ಮಲಗುವುದಕ್ಕೆ ಪಂಚಾಯಿತಿ ಒಂದು ಒಳ್ಳೆ ಕೋಣೆ, ಶೌಚಾಲಯ, ನೀರು ಒದಗಿಸಬೇಕು. ಹಗಲೆಲ್ಲ ದುಡಿದು ಬಂದವರನ್ನು ಸೊಳ್ಳೆಯಲ್ಲಿ ಬಸ್ಸಿನ ಸೀಟಿನ ಮೇಲೆ ಮಲಗಿಸುವುದು ಊರಿಗೆ ಒಪ್ಪುವ ಮಾತಲ್ಲ. ಅವರಿಗೆ ಊಟದ ಏರ್ಪಾಟೂ ಇದ್ದರೆ ಬಸ್ಸು ತಪ್ಪದೆ ಬರುತ್ತದೆ.

ರೈಲಿಗೆ ಸೀಸನ್ ಪಾಸ್ ಹೇಗೆ? ಮಕ್ಕಳಿಗೆ ರಿಯಾಯಿತಿ ಇದೆಯಾ?

150 ಕಿ.ಮೀ. ದೂರದವರೆಗೆ ತಿಂಗಳ ಪಾಸ್, ಮೂರು ತಿಂಗಳ ಪಾಸ್ ಸಿಗುತ್ತವೆ. ಕೌಂಟರಿನಲ್ಲೂ ತೆಗೆದುಕೊಳ್ಳಬಹುದು, ಮೊಬೈಲಿನಲ್ಲೂ. 2025ರ ಜುಲೈನಲ್ಲಿ ರೈಲ್‌ಒನ್ ಅನ್ನುವ ಆ್ಯಪ್ ಬಂದಿದೆ. ಪಾಸ್ ಇದೆ ಅಂತ ರಿಸರ್ವೇಷನ್ ಬೋಗಿಗೆ ಹತ್ತಬೇಡಿ.

ಇನ್ನೊಂದು ವಿಷಯ ಬಹಳ ಮನೆಗಳಿಗೆ ಗೊತ್ತೇ ಇಲ್ಲ. ಮನೆಯಿಂದ ಶಾಲೆ, ಕಾಲೇಜಿಗೆ ರೈಲಿನಲ್ಲಿ ಹೋಗುವ ಹೆಣ್ಣುಮಕ್ಕಳಿಗೆ ಪದವಿವರೆಗೆ, ಗಂಡುಮಕ್ಕಳಿಗೆ 12ನೇ ತರಗತಿವರೆಗೆ ಎರಡನೇ ದರ್ಜೆಯ ತಿಂಗಳ ಪಾಸ್ ಉಚಿತ. ಕಾಲೇಜಿನಿಂದ ಪ್ರಮಾಣಪತ್ರ ತರಬೇಕು ಅಷ್ಟೇ. ಟೇಕಲ್, ಮಾಲೂರು ಕಡೆಯ ಮಕ್ಕಳು ಇದನ್ನು ಬಿಡಬಾರದು.

ರೈಲ್ವೆ ಗೇಟು ಮುಚ್ಚಿ ಅಂಡರ್‌ಪಾಸ್ ಮಾಡಿದ್ದಾರೆ. ಮಳೆ ಬಂದರೆ ನೀರು, ಹುಲ್ಲಿನ ಗಾಡಿ ಹೋಗುವುದಿಲ್ಲ. ಏನು ಮಾಡುವುದು?

ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಗೇಟುಗಳನ್ನು 2019ರ ಜನವರಿ ಹೊತ್ತಿಗೆ ಪೂರ್ತಿ ತೆಗೆದರು. ಜೀವ ಉಳಿಸುವ ಕೆಲಸ ಅದು, ತಪ್ಪು ಅನ್ನುವ ಹಾಗಿಲ್ಲ. ಆದರೆ ಅದರ ಬದಲು ಕಟ್ಟಿದ ಎಷ್ಟೋ ಅಂಡರ್‌ಪಾಸ್‌ಗಳು ಕಾರಿನ ಎತ್ತರ ನೋಡಿ ಕಟ್ಟಿದಂತಿವೆ. ರಾಗಿ ಹುಲ್ಲು ಹೇರಿದ ಟ್ರ್ಯಾಕ್ಟರ್ ಎಷ್ಟು ಎತ್ತರ ಬರುತ್ತದೆ ಅಂತ ಊರಿನವರನ್ನು ಕೇಳಬೇಕಿತ್ತು, ಅಲ್ವಾ? ಕೇಳದೆ ಕಟ್ಟಿದ ಕಡೆ ಹಳಿಯ ಆಚೆ ಹೊಲ ಇರುವವರು ಕಿಲೋಮೀಟರುಗಟ್ಟಲೆ ಸುತ್ತಿ ಬರಬೇಕು.

ನೀರು ನಿಂತರೆ ಅದರ ಫೋಟೋ ತೆಗೆದು, ಅಂಡರ್‌ಪಾಸಿನ ಗೋಡೆಯ ಮೇಲೆ ಬರೆದಿರುವ ಸೇತುವೆ ನಂಬರಿನ ಸಮೇತ ರೈಲ್ವೆಯ ದೂರು ಆ್ಯಪ್ ರೈಲ್ ಮದದ್‌ನಲ್ಲೋ ಸಹಾಯವಾಣಿ 139ಕ್ಕೋ ದೂರು ಕೊಡಿ. ನಂಬರ್ ಇಲ್ಲದ ದೂರು ಸರಿಯಾದ ಇಂಜಿನಿಯರ್ ಕೈಗೆ ಸೇರುವುದಿಲ್ಲ. ಅದರ ಜೊತೆಗೆ ಬೆಂಗಳೂರಿನ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ ಪಂಚಾಯಿತಿಯಿಂದ ಪತ್ರ ಹೋಗಲಿ. ನಿಂತ ನೀರಿಗೆ ಗಾಡಿ ಇಳಿಸಬೇಡಿ. ಆಳ ಮೇಲಿಂದ ಗೊತ್ತಾಗುವುದಿಲ್ಲ.

ಹೊಸ ಎಕ್ಸ್‌ಪ್ರೆಸ್‌ವೇ ನಮ್ಮ ಹೊಲದ ಪಕ್ಕದಲ್ಲೇ ಇದೆ. ಟ್ರ್ಯಾಕ್ಟರ್, ಬೈಕ್ ಹೋಗಬಹುದಾ?

ಇಲ್ಲ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗ ಸುಮಾರು 71 ಕಿ.ಮೀ., ಹೊಸಕೋಟೆ ಕಡೆಯಿಂದ ಮಾಲೂರು, ಬಂಗಾರಪೇಟೆ, ಬೇತಮಂಗಲ ಮೇಲೆ ಹೋಗುತ್ತದೆ. ಅಲ್ಲಿ ಬೈಕು, ಆಟೋ, ಟ್ರ್ಯಾಕ್ಟರಿಗೆ ಪ್ರವೇಶ ಇಲ್ಲ. ಜಾಗ ಕೊಟ್ಟವನು ಅದರ ಮೇಲೆ ತನ್ನ ಟ್ರ್ಯಾಕ್ಟರ್ ಓಡಿಸುವ ಹಾಗಿಲ್ಲ ಅನ್ನುವುದು ಮನಸ್ಸಿಗೆ ನೋವಾಗುವ ವಿಷಯವೇ. ಆದರೂ ಬೈಕ್ ಹತ್ತಿಸಬೇಡಿ. ಅಷ್ಟು ವೇಗದ ಕಾರುಗಳ ನಡುವೆ ಟಿವಿಎಸ್‌ನಲ್ಲಿ ಹಾಲಿನ ಕ್ಯಾನ್ ಇಟ್ಟುಕೊಂಡು ಹೋಗುವುದು ಜೀವಕ್ಕೆ ಅಪಾಯ. ಪಿಕಪ್, ಲಾರಿಗೆ ಪ್ರವೇಶ ಇದೆ. ಟೊಮೆಟೊ ಸಾಗಿಸುವವರು ಟೋಲ್ ಮತ್ತು ಉಳಿಯುವ ಡೀಸೆಲ್ ಎರಡನ್ನೂ ಲೆಕ್ಕ ಹಾಕಿ ನೋಡಿ. ಹತ್ತುವ, ಇಳಿಯುವ ಜಾಗ ಕಡಿಮೆ ಇರುವುದರಿಂದ ಎಲ್ಲ ಊರಿನವರಿಗೂ ಲಾಭ ಬರುವುದಿಲ್ಲ.

ಮುಳಬಾಗಿಲಿಗೆ ರೈಲು ಯಾವಾಗ?

ಮುಳಬಾಗಿಲಿಗೆ ಇವತ್ತಿಗೂ ಹಳಿ ಇಲ್ಲ. ಕೋಲಾರ–ಮುಳಬಾಗಿಲು, ಶ್ರೀನಿವಾಸಪುರ–ಮದನಪಲ್ಲಿ, ವೈಟ್‌ಫೀಲ್ಡ್–ಕೋಲಾರ ಎಲ್ಲವೂ ವರ್ಷಗಳಿಂದ ಬಜೆಟ್ಟಿನ ಮಾತಿನಲ್ಲಿವೆ. ಶ್ರೀನಿವಾಸಪುರದಲ್ಲಿ ರೈಲ್ವೆ ಕೋಚ್ ಕಾರ್ಖಾನೆಗೆ 2014ರಲ್ಲಿ ಶಂಕುಸ್ಥಾಪನೆಯೂ ಆಯಿತು, ಕಾರ್ಖಾನೆ ಮಾತ್ರ ಬರಲಿಲ್ಲ. ಮಾರಿಕುಪ್ಪಂನಿಂದ ಕುಪ್ಪಂಗೆ ಸುಮಾರು 24 ಕಿ.ಮೀ. ಕೂಡುಹಳಿ ಆದರೆ ಕೆಜಿಎಫ್ ಕವಲಿನ ಕೊನೆಯಾಗಿ ಉಳಿಯದೆ ಚೆನ್ನೈ ದಾರಿಗೆ ಸೇರುತ್ತದೆ. ಇಷ್ಟರಲ್ಲಿ ನನ್ನನ್ನು ಯಾವುದಾದರೂ ಒಂದನ್ನು ಆರಿಸು ಅಂದರೆ ವೈಟ್‌ಫೀಲ್ಡ್–ಕೋಲಾರ ನೇರ ಮಾರ್ಗವನ್ನೇ ಆರಿಸುತ್ತೇನೆ. ಜಿಲ್ಲಾ ಕೇಂದ್ರಕ್ಕೆ ನೇರ ಹಳಿ ಬಂದರೆ ಮುಳಬಾಗಿಲಿನವರಿಗೂ ಅರ್ಧ ದಾರಿ ಸುಲಭವಾಗುತ್ತದೆ.

ಮಾವಿನ ಲಾರಿಯನ್ನು ಗಡಿಯಲ್ಲಿ ತಡೆದರೆ?

2025ರ ಜೂನ್‌ನಲ್ಲಿ ಆದದ್ದು ನೆನಪಿದೆಯಲ್ಲ. ಚಿತ್ತೂರು ಜಿಲ್ಲಾಡಳಿತ ಹೊರಗಿನ ತೋತಾಪುರಿ ಒಳಗೆ ಬರದಂತೆ ತಡೆಯಿತು. ನಮ್ಮ ತೋತಾಪುರಿಯ ದೊಡ್ಡ ಪಾಲು ಅಲ್ಲಿನ ತಿರುಳು ಕಾರ್ಖಾನೆಗಳಿಗೇ ಹೋಗುವುದು. ಲಾರಿ ತಿರುಗಿ ಬಂದರೆ ಹಣ್ಣು ಕೊಳೆಯುವುದೊಂದೇ ದಾರಿ. ಕೀಳುವ ಮುಂಚೆಯೇ ಕಾರ್ಖಾನೆಯಿಂದ ಖರೀದಿಯ ಚೀಟಿ, ದಿನಾಂಕ ಪಡೆದುಕೊಳ್ಳಿ. ಗಡಿಯ ಸುದ್ದಿ ಏನಿದೆ ಅಂತ ತೋಟಗಾರಿಕೆ ಇಲಾಖೆಯಲ್ಲಿ, ಮಂಡಿಯಲ್ಲಿ ವಿಚಾರಿಸಿಕೊಂಡೇ ಕೂಲಿ ಆಳುಗಳಿಗೆ ಹೇಳಿ. ಶ್ರೀನಿವಾಸಪುರದಲ್ಲೇ ದೊಡ್ಡ ತಿರುಳು ಕಾರ್ಖಾನೆಗಳು ಬರುವವರೆಗೆ ಈ ಭಯ ತಪ್ಪಿದ್ದಲ್ಲ.

ಹಳಿ ಪಕ್ಕ ದನ ಮೇಯಿಸಿದರೆ ಕೇಸ್ ಹಾಕುತ್ತಾರಾ?

ಹಾಕಬಹುದು. ಅನುಮತಿ ಇಲ್ಲದೆ ರೈಲ್ವೆ ಜಾಗಕ್ಕೆ ಹೋಗುವುದು ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ, ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಯಲಹಂಕ–ಕೋಲಾರ ಮಾರ್ಗಕ್ಕೆ ಈಗ ವಿದ್ಯುತ್ ಬಂದಿದೆ. ಡೀಸೆಲ್ ಗಾಡಿ ದೂರದಿಂದಲೇ ಸದ್ದು ಮಾಡುತ್ತಿತ್ತು, ಮೆಮು ಹತ್ತಿರ ಬರುವವರೆಗೆ ಕೇಳಿಸುವುದೇ ಇಲ್ಲ. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ, ಮುಟ್ಟಬೇಕೆಂದೇನೂ ಇಲ್ಲ, ಹತ್ತಿರ ಹೋದರೂ ಸಾಕು. ಹಳಿ ಪಕ್ಕದ ಮರದಿಂದ ದೋಟಿಯಲ್ಲಿ ಹುಣಸೆ ಉದುರಿಸುವವರು, ಉದ್ದದ ಪೈಪು ಹೊತ್ತು ಹಳಿ ದಾಟುವವರು ಇದನ್ನು ಮರೆಯಬಾರದು. ಮಕ್ಕಳ ಕೈಗೆ ದನ ಕೊಟ್ಟು ಆ ಕಡೆ ಕಳಿಸಬೇಡಿ.